ಅವಳಿ ನದಿಗಳ ಅಸಮ ಲೆಕ್ಕ: ಸಕ್ರೆಬೈಲಿನ ಹಿನ್ನೀರಿನಿಂದ ವೇದಾವತಿಯ ಬಯಲಿಗೆ

ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 14 ಕಿ.ಮೀ. ದೂರದ ಸಕ್ರೆಬೈಲು ಆನೆ ಬಿಡಾರದಿಂದ ಹೆಸರಾದ ಊರು. ಜಲವಿಜ್ಞಾನದ ಕಣ್ಣಿಗೆ ಅದು ಗಾಜನೂರಿನ ತುಂಗಾ ಜಲಾಶಯದ ಹಿನ್ನೀರಿನ ದಂಡೆ. ಬೆಳಗ್ಗೆ ಆನೆಗಳನ್ನು ಮೀಯಿಸುವ ಜಾಗದಲ್ಲಿ ನಿಂತರೆ ಈ ಜಲಾಶಯದ ಸ್ವಭಾವ ತಿಳಿಯುತ್ತದೆ. ಗೇಟು ಇಳಿಸಿ ನೀರು ನಿಲ್ಲಿಸಿದ ದಿನಗಳಲ್ಲಿ ಮಾವುತನು ಆನೆಯನ್ನು ಮಗ್ಗುಲಾಗಿ ಮಲಗಿಸಿ ಬೆನ್ನು ತಿಕ್ಕುವಷ್ಟು ಆಳ ದಡದ ಹತ್ತಿರವೇ ಸಿಗುತ್ತದೆ. ಮಟ್ಟ ಇಳಿಯಿತೆಂದರೆ ಕೆಸರು ನೆಲ ತೆರೆದುಕೊಂಡು ನೀರು ದೂರ ಸರಿಯುತ್ತದೆ. ಆಳ ಕಡಿಮೆ, ಹರವು ಹೆಚ್ಚು.

ಮೊದಲಿದ್ದ ಅಣೆಕಟ್ಟೆಯ ತುಸು ಕೆಳಗೆ ತುಂಗಾ ಮೇಲ್ದಂಡೆ ಯೋಜನೆಯಡಿ ಕಟ್ಟಿದ ಈಗಿನ ಅಣೆಕಟ್ಟೆಗೆ 22 ಗೇಟುಗಳಿವೆ. ಪೂರ್ಣ ಮಟ್ಟ 588.24 ಮೀಟರ್, ಸಂಗ್ರಹ 3.24 ಟಿಎಂಸಿ. ಮುಂಗಾರು ಹಿಡಿಯುತ್ತಿದ್ದಂತೆ ರಾಜ್ಯದಲ್ಲಿ ಮೊದಲು ತುಂಬುವ ಜಲಾಶಯಗಳ ಸಾಲಿನಲ್ಲಿ ಇದರ ಹೆಸರು ಪತ್ರಿಕೆಗಳಲ್ಲಿ ಬರುತ್ತದೆ. ಸಂಭ್ರಮಿಸುವ ಮೊದಲು ಒಂದು ಗುಣಾಕಾರ ಮಾಡಬೇಕು. ಒಂದು ಟಿಎಂಸಿ ಎಂದರೆ ಸುಮಾರು 11,574 ಕ್ಯೂಸೆಕ್ ನೀರು ಒಂದು ಇಡೀ ದಿನ ಹರಿದಷ್ಟು. ಹಾಗಾದರೆ ಒಳಹರಿವು 37,500 ಕ್ಯೂಸೆಕ್ ಇದ್ದ ದಿನ ಬರಿದಾದ ಗಾಜನೂರು ಕೂಡ 24 ಗಂಟೆಯಲ್ಲಿ ತುಂಬಿಬಿಡುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಸುರಿಯುವ ಈ ಕಣಿವೆಯಲ್ಲಿ ಅಷ್ಟು ಹರಿವು ಅಪರೂಪವೇನಲ್ಲ. ಆಮೇಲೆ ಬಂದದ್ದೆಲ್ಲ ಕೂಡ್ಲಿಯ ಸಂಗಮ ದಾಟಿ ಹೊಸಪೇಟೆಯ ಕಡೆಗೆ.

ಇದೇ 3.24 ಟಿಎಂಸಿಯನ್ನು ತುಂಗಾ ಮೇಲ್ದಂಡೆಯ 80,494 ಹೆಕ್ಟೇರ್ ಅಚ್ಚುಕಟ್ಟಿನ ಮೇಲೆ ಹರಡಿ ನೋಡೋಣ. ಹಾವೇರಿ ಜಿಲ್ಲೆಯವರೆಗೆ ಚಾಚಿಕೊಂಡ ಆ ನೆಲದಲ್ಲಿ ನಿಲ್ಲುವ ನೀರು ಸುಮಾರು 11 ಸೆಂ.ಮೀ. ಒಂದು ಬೆಳೆ ಭತ್ತಕ್ಕೆ ಅದರ ಹತ್ತು ಪಟ್ಟಾದರೂ ಬೇಕು. ಹೀಗಾಗಿ ಗಾಜನೂರು ನೀರು ಕೂಡಿಡುವ ಕಟ್ಟೆಯಲ್ಲ, ಹರಿಯುವ ನೀರಿನ ಮಟ್ಟವನ್ನು ಎತ್ತಿ ನಾಲೆಗೆ ತಿರುಗಿಸುವ ಕಟ್ಟೆ. ಲಕ್ಕವಳ್ಳಿಯಲ್ಲಿ 1965ರಲ್ಲಿ ಪೂರ್ಣಗೊಂಡ ಭದ್ರಾ ಜಲಾಶಯದ ಕಥೆ ಪೂರ್ತಿ ಬೇರೆ: ಸಾಮರ್ಥ್ಯ 71.5 ಟಿಎಂಸಿ, ಅಚ್ಚುಕಟ್ಟು ಒಂದು ಲಕ್ಷ ಹೆಕ್ಟೇರಿಗೆ ತುಸು ಮಿಕ್ಕು. ತಳದ ನಿರುಪಯುಕ್ತ ನೀರನ್ನೂ ಸೇರಿಸಿ ಹರಡಿದರೆ ಹೆಚ್ಚುಕಡಿಮೆ ಎರಡು ಮೀಟರ್ ಬರುತ್ತದೆ. ಗಂಗಾಮೂಲದ ಒಂದೇ ಬೆಟ್ಟದಲ್ಲಿ ಹುಟ್ಟಿ ಕೂಡ್ಲಿಯಲ್ಲಿ ಸೇರುವ ಎರಡು ನದಿಗಳಲ್ಲಿ ಒಂದಕ್ಕೆ ದೊಡ್ಡ ಕಣಜವಿದೆ, ಇನ್ನೊಂದಕ್ಕೆ ಇಲ್ಲ.

ಭದ್ರಾ ಮೇಲ್ದಂಡೆ ಯೋಜನೆ ನಿಂತಿರುವುದು ಈ ಅಸಮತೆಯ ಮೇಲೆ. ಎನ್.ಆರ್. ಪುರ ತಾಲ್ಲೂಕಿನ ಮುತ್ತಿನಕೊಪ್ಪದ ಬಳಿ, ಅಂದರೆ ಸಕ್ರೆಬೈಲಿಗಿಂತ ಮೇಲೆ, ತುಂಗೆಯಿಂದ 17.40 ಟಿಎಂಸಿ ಎತ್ತಿ ಭದ್ರೆಗೆ ಸೇರಿಸುವುದು. ಭದ್ರೆಯ ಪಾಲಿನ 12.50 ಟಿಎಂಸಿಯನ್ನೂ ಕೂಡಿಸಿ ಒಟ್ಟು 29.90 ಟಿಎಂಸಿಯನ್ನು ಮತ್ತೆ ಎತ್ತಿ, ಅಜ್ಜಂಪುರದ ಸುರಂಗದ ಮೂಲಕ ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ ಒಣನೆಲಕ್ಕೆ ಹರಿಸುವುದು. ಕೃಷ್ಣಾ ನ್ಯಾಯಮಂಡಳಿಯ ಭಾಷೆಯಲ್ಲಿ ಇದು ಕೆ-8 ಉಪಕಣಿವೆಯಾದ ತುಂಗಭದ್ರೆಯಿಂದ ಕೆ-9 ಉಪಕಣಿವೆಯಾದ ವೇದಾವತಿಗೆ ನೀರಿನ ವರ್ಗಾವಣೆ. ಕಣಜವಿಲ್ಲದ ನದಿಯ ನೀರನ್ನು ಕಣಜವಿರುವಲ್ಲಿಗೆ ಒಯ್ಯುವುದು ತಾಂತ್ರಿಕವಾಗಿ ಸರಿಯಾದ ಆಲೋಚನೆಯೇ. ಅದನ್ನು ಬರೀ ರಾಜಕೀಯ ಆಮಿಷವೆಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ.

ನನ್ನ ತಕರಾರು ಇರುವುದು 17.40 ಎಂಬ ಅಂಕಿಯ ಬಗ್ಗೆ. ಅದು ವರ್ಷದ ಮೊತ್ತ. ಮಳೆಗಾಲದ ನಾಲ್ಕು ತಿಂಗಳಿಗೆ ಹಂಚಿದರೆ ದಿನವಿಡೀ 1,680 ಕ್ಯೂಸೆಕ್‌ನಷ್ಟು ಎತ್ತಬೇಕು. ಜುಲೈ, ಆಗಸ್ಟ್‌ಗಳ ಪ್ರವಾಹದಲ್ಲಿ ಇದು ಲೆಕ್ಕಕ್ಕೇ ಬಾರದ ಪ್ರಮಾಣ. ಆದರೆ ಮುಂಗಾರು ಚೆನ್ನಾದ ವರ್ಷ ಭದ್ರೆಯೂ ತನ್ನ 186 ಅಡಿಯ ಪೂರ್ಣ ಮಟ್ಟದತ್ತ ತಾನೇ ಏರುತ್ತಿರುತ್ತದೆ. ತುಂಗೆಯಿಂದ ತಂದ ನೀರಿಗೆ ಅಲ್ಲಿ ಜಾಗವೆಲ್ಲಿ? ಮುಂಗಾರು ಪೂರಾ ಕೈಕೊಟ್ಟ ವರ್ಷ ಭದ್ರೆಯಲ್ಲಿ ಜಾಗ ಬೇಕಾದಷ್ಟಿರುತ್ತದೆ, ತುಂಗೆಯಲ್ಲಿ ಹೆಚ್ಚುವರಿ ನೀರು ಇರುವುದಿಲ್ಲ. ಒಂದೇ ಬೆಟ್ಟದ ಮಕ್ಕಳು ಉಕ್ಕುವುದೂ ಸೊರಗುವುದೂ ಬಹುಪಾಲು ಒಟ್ಟಿಗೇ. ಯೋಜನೆಗೆ ನಿಜವಾದ ಬೆಲೆ ಬರುವುದು ನಡುವಿನ ವರ್ಷಗಳಲ್ಲಿ. 2023 ಅದಕ್ಕೆ ಒಳ್ಳೆಯ ಉದಾಹರಣೆ: ಆ ಬರದ ವರ್ಷದಲ್ಲೂ ಜುಲೈನಲ್ಲಿ ಗಾಜನೂರು ತುಂಬಿ ಹರಿಯಿತು, ಭದ್ರಾ ತುಂಬಲಿಲ್ಲ, ನಾಲೆಯ ನೀರಿಗಾಗಿ ದಾವಣಗೆರೆಯ ರೈತರು ಬೀದಿಗಿಳಿದರು. ಯೋಜನೆಯ ಪರವಾಗಿ ಇದಕ್ಕಿಂತ ಬಲವಾದ ಸಾಕ್ಷಿ ಬೇಕಿಲ್ಲ. ಅಂಥ ವರ್ಷದಲ್ಲಿ ಎತ್ತಿದ ನೀರು ಹಳೆಯ ಅಚ್ಚುಕಟ್ಟಿನ ಕೊನೆಭಾಗಕ್ಕೋ ಹೊಸ ನೆಲಕ್ಕೋ ಎಂಬ ಜಗಳವೂ ಅಲ್ಲಿಂದಲೇ ಶುರು.

ಇನ್ನು ನದಿಯ ಬದಿಯಿಂದ. ಇಲ್ಲಿ ಜನರೂ ಜೀವಿಗಳೂ ನದಿಯನ್ನು ಟಿಎಂಸಿಯಲ್ಲಿ ಅಳೆಯುವುದಿಲ್ಲ. ಶಿವಮೊಗ್ಗದಲ್ಲಿ ಕೋರ್ಪಲಯ್ಯನ ಛತ್ರದ ಬಳಿ ಹೊಳೆಯಲ್ಲಿರುವ ಮಂಟಪ ಮುಳುಗಿತೇ ಇಲ್ಲವೇ ಎಂಬುದೇ ಪ್ರವಾಹದ ಅಳತೆ. ಸುದ್ದಿ ಹಬ್ಬಿದರೆ ಸೇತುವೆಯ ಮೇಲೆ ನೋಡಲು ಜನ ನೆರೆಯುತ್ತಾರೆ. ಮಂಡಗದ್ದೆಯ ಪುಟ್ಟ ನಡುಗಡ್ಡೆಯಲ್ಲಿ ಬೆಳ್ಳಕ್ಕಿ, ಹಾವಕ್ಕಿ, ನೀರುಕಾಗೆಗಳು ಗೂಡು ಕಟ್ಟುವುದು ಮಳೆಗಾಲದಲ್ಲಿ, ಮರಗಳ ಬುಡವೆಲ್ಲ ನೀರಿನಲ್ಲಿದ್ದಾಗ. ಸುತ್ತಲಿನ ಆ ನೀರೇ ಗೂಡುಗಳಿಗೆ ಕಾವಲು. ಹಕ್ಕಿಗೆ ಬೇಕಾದದ್ದು ಮರಿ ಹಾರುವವರೆಗೆ ಕುಸಿಯದ ಮಟ್ಟ; ವರ್ಷದ ಮೊತ್ತ ಎಷ್ಟಾದರೇನು? ನಗರದ ಮಂಡ್ಲಿಯಲ್ಲಿರುವ ಕೃಷ್ಣರಾಜೇಂದ್ರ ನೀರು ಸರಬರಾಜು ಘಟಕಕ್ಕೆ ಏಪ್ರಿಲ್‌ನಲ್ಲೂ ಹರಿವು ಬೇಕು. ಅದೇ ನಗರದ ಕೊಳಚೆ ಹೊಳೆ ಸೇರುವುದರಿಂದ ಬೇಸಿಗೆಯ ಹರಿವು ತಗ್ಗಿದಷ್ಟೂ ಕೆಳಗಿನವರ ಪಾಲಿಗೆ ನೀರು ಕೆಡುತ್ತದೆ. 2024ರ ನವೆಂಬರ್‌ನಲ್ಲಿ ಶೃಂಗೇರಿಯಿಂದ ಹೊರಟ ನಿರ್ಮಲ ತುಂಗಭದ್ರಾ ಪಾದಯಾತ್ರೆ ಮಾಲಿನ್ಯವನ್ನು ಚರ್ಚೆಗೆ ತಂದಿತು. ಮಾಲಿನ್ಯವೂ ಹರಿವೂ ಒಂದೇ ಸಮಸ್ಯೆಯ ಎರಡು ತುದಿ ಎಂಬುದು ಇನ್ನೂ ಅಷ್ಟಾಗಿ ಚರ್ಚೆಯಾಗಿಲ್ಲ. ಉಕ್ಕು, ಕಾಗದದ ಕಾರ್ಖಾನೆಗಳನ್ನು ನದಿಯ ನೆಚ್ಚಿಕೆಯಲ್ಲೇ ಕಟ್ಟಿಕೊಂಡ ಭದ್ರಾವತಿಗೂ ಈ ಪಾಠ ಅನ್ವಯಿಸುತ್ತದೆ. ಅಲ್ಲಿ ಬೇಸಿಗೆಯ ಹೊಳೆ ಎಂದರೆ ಲಕ್ಕವಳ್ಳಿಯಿಂದ ಬಿಟ್ಟಷ್ಟೇ ನೀರು.

ನೀರು ಕಾಯುತ್ತಿರುವ ಒಣನೆಲದ ಅನುಭವವೂ ಎಚ್ಚರಿಸುತ್ತದೆ. ವೇದಾವತಿಗೆ ಅಡ್ಡವಾಗಿ 1898ರಿಂದ 1907ರವರೆಗೆ ಕಟ್ಟಿದ ಮಾರಿಕಣಿವೆಯ ವಾಣಿವಿಲಾಸ ಸಾಗರ 30 ಟಿಎಂಸಿ ಹಿಡಿಯಬಲ್ಲದು. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ನಂತರ, 2022ರಲ್ಲಿ. ಆ ವರ್ಷದ ಭಾರಿ ಮಳೆಯ ಜೊತೆಗೆ, ಅದಕ್ಕೂ ಹಿಂದಿನಿಂದ ಬರುತ್ತಿದ್ದ ಭದ್ರೆಯ ನೀರೂ ಅದರಲ್ಲಿ ಸೇರಿತ್ತು. ಕಣಜ ಕಟ್ಟುವುದು ಒಂದು, ತುಂಬುವುದು ಇನ್ನೊಂದು ಎಂದು ಹಿರಿಯೂರಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮೇಲ್ದಂಡೆ ಯೋಜನೆಯಲ್ಲಿ 2,25,515 ಹೆಕ್ಟೇರಿಗೆ ಹನಿ ನೀರಾವರಿ, ಜೊತೆಗೆ 367 ಕೆರೆಗಳಿಗೆ ನೀರು. ಇಡೀ 29.90 ಟಿಎಂಸಿಯನ್ನು ಆ ನೆಲಕ್ಕೇ ಸುರಿದರೂ 38 ಸೆಂ.ಮೀ. ದಾಟುವುದಿಲ್ಲ, ಕೆರೆಗಳ ಪಾಲು ಕಳೆದರೆ ಇನ್ನೂ ಕಡಿಮೆ. ಹನಿ ನೀರಾವರಿಯ ಶಿಸ್ತು ಸಡಿಲಿ ನಾಲೆಗೆ ಮೋಟಾರು ಇಟ್ಟು ಅಡಿಕೆಗೆ ನೀರು ಹಾಯಿಸಲು ತೊಡಗಿದರೆ ಮೊದಲ ಕೆಲವು ಮೈಲಿಯಲ್ಲೇ ಯೋಜನೆ ಮುಗಿಯುತ್ತದೆ. ಕೆರೆಗಳ ಮಾತೂ ಅಷ್ಟೆ. ಹೂಳು ತುಂಬಿದ, ತೂಬು ಸೋರುವ, ಒತ್ತುವರಿಯಿಂದ ಹಳ್ಳದ ದಾರಿ ಮುಚ್ಚಿದ ಕೆರೆಗೆ ನೂರಾರು ಕಿ.ಮೀ. ದೂರದಿಂದ ವಿದ್ಯುತ್ ಉರಿಸಿ ನೀರು ತರುವುದು ದುಬಾರಿ ಬಾಬತ್ತು. ತನ್ನದೇ ಜಲಾನಯನದ ಮಳೆ ಬಂದು ನಿಲ್ಲುವಂತಿದ್ದರೆ ಮಾತ್ರ ತಂದ ನೀರು ಅದಕ್ಕೆ ಆಸರೆಯಾಗುತ್ತದೆ.

ಈ ವಾದವನ್ನು ಪರೀಕ್ಷಿಸಲು ಹೊಸ ಸಮೀಕ್ಷೆಯೇನೂ ಬೇಡ. ಗಾಜನೂರು ಮತ್ತು ಲಕ್ಕವಳ್ಳಿಗಳ ದಿನವಹಿ ಒಳಹರಿವನ್ನು ಮೂವತ್ತು ವರ್ಷಗಳಿಗಾದರೂ ಅಕ್ಕಪಕ್ಕ ಇಟ್ಟು ಎಣಿಸಿದರೆ ಸಾಕು: ಭದ್ರೆಯ ಮಟ್ಟ 186 ಅಡಿಗಿಂತ ಕೆಳಗಿದ್ದು, ಅದೇ ಹೊತ್ತಿಗೆ ಶಿವಮೊಗ್ಗದ ಕುಡಿಯುವ ನೀರು, ಗಾಜನೂರಿನ ನಾಲೆಗಳು, ಮಂಡಗದ್ದೆಯ ಮಟ್ಟ, ಕೆಳಗಿನ ಕನಿಷ್ಠ ಹರಿವು ಇವೆಲ್ಲ ಕಳೆದ ಮೇಲೂ ತುಂಗೆಯಲ್ಲಿ 1,680 ಕ್ಯೂಸೆಕ್ ಉಳಿದ ದಿನಗಳೆಷ್ಟು? ಆ ದಿನಗಳು ವರ್ಷಕ್ಕೆ ಸರಾಸರಿ 120ಕ್ಕೆ ಸಮೀಪವಿದ್ದರೆ 17.40 ಎಂಬ ಅಂಕಿ ನಿಲ್ಲುತ್ತದೆ. 60ರ ಆಸುಪಾಸಿನಲ್ಲಿದ್ದರೆ ಎತ್ತುವ ಪಂಪುಗಳ ಸಾಮರ್ಥ್ಯ ಇಮ್ಮಡಿಯಾಗಬೇಕು, ಇಲ್ಲವೇ 2,25,515 ಹೆಕ್ಟೇರಿನ ಭರವಸೆಯನ್ನು ಮೊಟಕುಗೊಳಿಸಬೇಕು.