ಡೆಲ್ಫಿಯ ಮೇಲೊಂದು ಊರಿತ್ತು: ಗ್ರೀಸ್‌ನ ನಾಲ್ಕು ದಿನದ ಪ್ರವಾಸದ ಹಿಂದಿನ ಕಥೆ

ಅಥೆನ್ಸ್ ನಗರದಿಂದ ಬೆಳಿಗ್ಗೆ ಒಂದು ಬಸ್ ಹೊರಡುತ್ತದೆ. ಒಳಗೆ ನಾಲ್ಕಾರು ದೇಶದ ಜನ. ಮುಂದಿನ ಸೀಟಿನಲ್ಲಿ ಮೈಕ್ ಹಿಡಿದ ಗೈಡ್. ನಮ್ಮ ಕಡೆ ಟಿಟಿ ಮಾಡಿಕೊಂಡು ಧರ್ಮಸ್ಥಳ, ಹೊರನಾಡು, ಶೃಂಗೇರಿ ಸುತ್ತಿ ಬರುತ್ತೇವಲ್ಲ, ಹಾಗೆಯೇ ಗ್ರೀಸ್‌ನಲ್ಲಿ ಹಳೇ ಕಾಲದ ಅವಶೇಷಗಳನ್ನು ತೋರಿಸುವ ಮೂರು ನಾಲ್ಕು ದಿನದ ಪ್ರವಾಸಗಳಿವೆ. ಕೊರಿಂತ್ ಕಾಲುವೆ, ಎಪಿಡಾರಸ್‌ನ ಬಯಲು ರಂಗಮಂದಿರ, ಮೈಸಿನೆಯ ಸಿಂಹದ್ವಾರ, ಒಲಿಂಪಿಯಾ, ಡೆಲ್ಫಿ. ಕೆಲವು ಬಸ್ಸುಗಳು ಬಂಡೆಗಳ ತುದಿಯ ಮೆಟಿಯೋರಾ ಮಠಗಳನ್ನೂ ತೋರಿಸಿ ಅಥೆನ್ಸ್‌ಗೆ ಮರಳುತ್ತವೆ.

ನಾವು ಗ್ರೀಸ್‌ಗೆ ಹೋದವರಲ್ಲ. ಆದರೆ ಈ ಪ್ರವಾಸದ ಇತಿಹಾಸ ಓದುತ್ತಾ ಹೋದಂತೆ ಒಂದು ಜಾಗದಲ್ಲಿ ನಿಂತುಬಿಟ್ಟೆವು. ಅದು ಡೆಲ್ಫಿ. ಪ್ರವಾಸಿಗರು ಇಂದು ಫೋಟೊ ತೆಗೆಯುವ ಆ ಕಲ್ಲುಗಳ ಮೇಲೆ ನೂರಮೂವತ್ತು ವರ್ಷಗಳ ಹಿಂದೆ ಒಂದು ಹಳ್ಳಿ ಇತ್ತು. ಅಲ್ಲಿ ಒಲೆ ಉರಿಯುತ್ತಿತ್ತು, ಮಕ್ಕಳು ಆಡುತ್ತಿದ್ದರು. ಆ ಹಳ್ಳಿಯ ಕಥೆ ಹೇಳುವ ಮೊದಲು ದಾರಿಯ ಕಥೆ ಹೇಳಬೇಕು.

ಗೈಡ್ ಎಂಬ ಕಸುಬು ಹಳೆಯದು

ಹಾಳು ಕಲ್ಲು ನೋಡಲು ಊರೂರು ಸುತ್ತುವುದು ಈಗಿನವರ ಶೋಕಿ ಎಂದು ಯಾರಾದರೂ ಅಂದುಕೊಂಡಿದ್ದರೆ ಅದು ತಪ್ಪು. ಕ್ರಿಸ್ತಶಕ 2ನೇ ಶತಮಾನದಲ್ಲಿ, ಗ್ರೀಸ್ ರೋಮನ್ನರ ಆಳ್ವಿಕೆಯಲ್ಲಿದ್ದಾಗ, ಪೌಸೇನಿಯಸ್ ಎಂಬಾತ ಅಲ್ಲಿನ ಊರೂರು ಸುತ್ತಿದ. ಈತ ಇಂದಿನ ಟರ್ಕಿಯ ಕಡೆಯವನು. ಕಂಡ ಗುಡಿ, ಮೂರ್ತಿ, ಸಮಾಧಿಗಳನ್ನೆಲ್ಲ 10 ಭಾಗಗಳಲ್ಲಿ ಬರೆದಿಟ್ಟ. ಪ್ರತಿ ಊರಲ್ಲೂ ಸ್ಥಳದ ಕಥೆ ಹೇಳುವ ಜನ ಆಗಲೇ ಇದ್ದರು. ಆರ್ಗಾಸ್ ಎಂಬ ಊರಿನ ಗೈಡ್‌ಗಳ ಬಗ್ಗೆ ಅವನು ಒಂದು ಮಾತು ಬರೆದಿದ್ದಾನೆ: ತಾವು ಹೇಳುವುದೆಲ್ಲ ನಿಜವಲ್ಲ ಎಂಬುದು ಅವರಿಗೂ ಗೊತ್ತು, ಆದರೂ ಹೇಳುತ್ತಾರೆ.

ಅವನಿಗಿಂತ ಸ್ವಲ್ಪ ಮೊದಲಿದ್ದ ಪ್ಲೂಟಾರ್ಕ್ ಎಂಬ ಲೇಖಕ ಡೆಲ್ಫಿಯಲ್ಲಿ ಪೂಜಾರಿಯಾಗಿದ್ದವನು. ಅವನ ಒಂದು ಕೃತಿಯಲ್ಲಿ ಕೆಲವರು ಡೆಲ್ಫಿ ನೋಡಲು ಹೊರಡುತ್ತಾರೆ. ಸ್ವಲ್ಪ ಚುಟುಕಾಗಿ ಹೇಳಿ, ಎಲ್ಲಾ ಶಾಸನ ಓದಬೇಡಿ ಎಂದು ಗೈಡ್‌ಗಳನ್ನು ಕೇಳಿಕೊಳ್ಳುತ್ತಾರೆ. ಗೈಡ್‌ಗಳು ಕೇಳುವುದೇ ಇಲ್ಲ. ಬಾಯಿಪಾಠ ಮಾಡಿದ್ದನ್ನು ಮೊದಲಿಂದ ಕೊನೆವರೆಗೆ ಒಪ್ಪಿಸುತ್ತಾರೆ. ಬೇಲೂರಿಗೋ ಬಾದಾಮಿಗೋ ಹೋಗಿ ಬಂದವರಿಗೆ ಈ ಅನುಭವ ಹೊಸದಲ್ಲ.

ಪೌಸೇನಿಯಸ್‌ನ ಬರಹ ಮಾತ್ರ ಮುಂದೆ ದೊಡ್ಡ ಕೆಲಸಕ್ಕೆ ಬಂತು. 1876ರಲ್ಲಿ ಜರ್ಮನಿಯ ಹೈನ್ರಿಕ್ ಶ್ಲೀಮಾನ್ ಮೈಸಿನೆಯಲ್ಲಿ ಅಗೆಯಲು ಹೊರಟಾಗ, ರಾಜರ ಸಮಾಧಿಗಳು ಕೋಟೆಯ ಒಳಗಡೆ ಇವೆ ಎಂಬ ಪೌಸೇನಿಯಸ್‌ನ ಮಾತನ್ನು ನಂಬಿ ಅಲ್ಲೇ ಅಗೆಸಿದ. ಬಂಗಾರದ ಮುಖವಾಡಗಳು ಸಿಕ್ಕವು. ಅವುಗಳಲ್ಲಿ ಒಂದಕ್ಕೆ ಟ್ರಾಯ್ ಯುದ್ಧದ ರಾಜ ಅಗಮೆಮ್ನಾನ್‌ನ ಹೆಸರು ಅಂಟಿಕೊಂಡಿತು. ಆ ಮುಖವಾಡ ಟ್ರಾಯ್ ಯುದ್ಧದ ಕಾಲ ಎನ್ನುವುದಕ್ಕಿಂತ ಮುನ್ನೂರು ವರ್ಷವಾದರೂ ಹಳೆಯದು ಎಂದು ವಿದ್ವಾಂಸರು ಹೇಳುತ್ತಾರೆ. ಹೆಸರು ಮಾತ್ರ ಹಾಗೇ ಉಳಿದಿದೆ. ಒಲಿಂಪಿಯಾದಲ್ಲೂ ಹೀಗೇ ಆಯಿತು. ಹೇರಾ ದೇವಿಯ ಗುಡಿಯಲ್ಲಿ ಹರ್ಮಿಸ್ ದೇವರ ಅಮೃತಶಿಲೆಯ ಮೂರ್ತಿ ಇದೆ ಎಂದು ಪೌಸೇನಿಯಸ್ ಬರೆದಿದ್ದ. 1877ರಲ್ಲಿ ಜರ್ಮನ್ನರು ಅಗೆದಾಗ ಆ ಗುಡಿಯಲ್ಲೇ ಮೂರ್ತಿ ಸಿಕ್ಕಿತು.

ಹೇಸರಗತ್ತೆ, ದರೋಡೆಕೋರರು, ರೈಲು

ಮುಂದೆ ಗ್ರೀಸ್ ನೂರಾರು ವರ್ಷ ತುರ್ಕರ ಒಟ್ಟೋಮನ್ ಸಾಮ್ರಾಜ್ಯದ ಕೈಯಲ್ಲಿತ್ತು. ಆಗ ಯುರೋಪಿನ ಹಣವಂತರು ಬಂದು ನೋಡುತ್ತಿದ್ದರು, ಚಿತ್ರ ಬರೆದುಕೊಳ್ಳುತ್ತಿದ್ದರು, ಕೆಲವರು ಎತ್ತಿಕೊಂಡೂ ಹೋಗುತ್ತಿದ್ದರು. ಬ್ರಿಟನ್ನಿನ ಲಾರ್ಡ್ ಎಲ್ಗಿನ್ 1801ರಿಂದ ಪಾರ್ಥೆನಾನ್ ಗುಡಿಯ ಶಿಲ್ಪಗಳನ್ನು ಬಿಚ್ಚಿಸಿ ಸಾಗಿಸಿದ. 1816ರಲ್ಲಿ ಬ್ರಿಟನ್ ಸರ್ಕಾರ ಅವುಗಳನ್ನು ಕೊಂಡುಕೊಂಡಿತು. ಅವು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸೇರಿದವು. ವಾಪಸ್ ಕೊಡಿ ಎಂದು ಗ್ರೀಸ್ ಇಂದಿಗೂ ಕೇಳುತ್ತಿದೆ.

1821ರಲ್ಲಿ ಗ್ರೀಕರು ದಂಗೆಯೆದ್ದು ಸ್ವತಂತ್ರರಾದರು. 1834ರಲ್ಲಿ ಅಥೆನ್ಸ್ ರಾಜಧಾನಿಯಾಯಿತು. 1840ರಲ್ಲಿ ಲಂಡನ್ನಿನ ಮರ್‍ರೆ ಪ್ರಕಾಶನ ಗ್ರೀಸ್ ಪ್ರವಾಸಕ್ಕೆಂದು ಕೈಪಿಡಿ ಹೊರತಂದಿತು. ಆದರೆ ರಸ್ತೆಗಳಿರಲಿಲ್ಲ. ಪ್ರವಾಸಿ ಅಥೆನ್ಸ್‌ನಲ್ಲಿ ಒಬ್ಬ ದುಭಾಷಿಯನ್ನು ಗೊತ್ತುಮಾಡಿಕೊಳ್ಳಬೇಕು. ಕುದುರೆ, ಹೇಸರಗತ್ತೆ, ಹಾಸಿಗೆ, ಅಡುಗೆಯವನು ಎಲ್ಲವೂ ಅವನ ಜವಾಬ್ದಾರಿ. ದಿನಕ್ಕೆ ಇಷ್ಟು ಎಂದು ದುಡ್ಡು. ಇಂದಿನ ಪ್ಯಾಕೇಜ್ ಟೂರ್‌ನ ಅಜ್ಜ ಅದೇ.

ಭಯವೂ ಇತ್ತು. 1870ರ ಏಪ್ರಿಲ್‌ನಲ್ಲಿ ಇಂಗ್ಲಿಷರ ಒಂದು ತಂಡ ಮ್ಯಾರಥಾನ್ ಯುದ್ಧಭೂಮಿ ನೋಡಿಕೊಂಡು ಅಥೆನ್ಸ್‌ಗೆ ಮರಳುತ್ತಿತ್ತು. ಜೊತೆಗೆ ಕಾವಲಿನವರಿದ್ದರೂ ದರೋಡೆಕೋರರು ಅಡ್ಡಗಟ್ಟಿ ಒತ್ತೆ ಇಟ್ಟುಕೊಂಡರು. ಹೆಂಗಸರನ್ನು ಬಿಟ್ಟರು. ಹಣದ ಜೊತೆಗೆ ತಮ್ಮ ಮೇಲಿನ ಕೇಸುಗಳಿಗೂ ಮಾಫಿ ಬೇಕೆಂದು ಪಟ್ಟು ಹಿಡಿದರು. ಮಾತುಕತೆ ಮುರಿಯಿತು. ಸೈನ್ಯ ಬೆನ್ನಟ್ಟಿದಾಗ ನಾಲ್ವರನ್ನು ಕೊಂದರು. ಸತ್ತವರಲ್ಲಿ ಒಬ್ಬ ಇಟಲಿಯವನು.

1880ರ ದಶಕದಲ್ಲಿ ರೈಲು ಬಂದ ಮೇಲೆ ಚಿತ್ರ ಬದಲಾಯಿತು. ಕೊರಿಂತ್, ಆರ್ಗಾಸ್ ಕಡೆಗೆ ಹಳಿ ಹಾಕಿದರು. 1893ರಲ್ಲಿ ಬಂಡೆ ಸೀಳಿ ಮಾಡಿದ ಸುಮಾರು 6.3 ಕಿಲೋಮೀಟರ್ ಉದ್ದದ ಕೊರಿಂತ್ ಕಾಲುವೆ ತೆರೆಯಿತು. 1896ರಲ್ಲಿ ಅಥೆನ್ಸ್‌ನಲ್ಲಿ ಮೊದಲ ಆಧುನಿಕ ಒಲಿಂಪಿಕ್ಸ್ ನಡೆಯಿತು. ಇಷ್ಟೆಲ್ಲ ಆಗುವಾಗಲೇ ಅತ್ತ ಬೆಟ್ಟದ ಮೇಲೆ ಒಂದು ಹಳ್ಳಿ ಜಾಗ ಖಾಲಿ ಮಾಡುತ್ತಿತ್ತು.

ಕಾಸ್ತ್ರಿ ಎಂಬ ಹಳ್ಳಿ

ಪುರಾತನ ಗ್ರೀಕರಿಗೆ ಡೆಲ್ಫಿ ಭೂಮಿಯ ಹೊಕ್ಕುಳು. ಅಪೊಲೊ ದೇವರ ಗುಡಿಯಲ್ಲಿ ಪಿಥಿಯಾ ಎಂಬ ಹೆಣ್ಣುಮಗಳ ಮೈಮೇಲೆ ದೇವರು ಬಂದು ಕಣಿ ಹೇಳುತ್ತಾನೆ ಎಂಬ ನಂಬಿಕೆ. ಯುದ್ಧಕ್ಕೆ ಹೋಗುವ ಮೊದಲು, ಹೊಸ ಊರು ಕಟ್ಟುವ ಮೊದಲು ರಾಜರು, ನಗರದವರು ಇಲ್ಲಿಗೆ ಬಂದು ಕೇಳುತ್ತಿದ್ದರು. ಕ್ರೈಸ್ತ ಧರ್ಮ ಬಂದ ಮೇಲೆ ಪೂಜೆ ನಿಂತಿತು. ಭೂಕಂಪ, ಬಂಡೆಕುಸಿತಕ್ಕೆ ಗುಡಿಗಳು ಮುಚ್ಚಿಹೋದವು. ಮುಂದೆ ಆ ಮಣ್ಣಿನ ಮೇಲೇ ಜನ ಮನೆ ಕಟ್ಟಿಕೊಂಡರು. ಆ ಊರಿನ ಹೆಸರು ಕಾಸ್ತ್ರಿ.

ಕಾಸ್ತ್ರಿಯವರು ಕೈಗೆ ಸಿಕ್ಕ ಹಳೇ ಕಲ್ಲುಗಳಿಂದಲೇ ಗೋಡೆ ಎಬ್ಬಿಸಿದ್ದರು. ಶಾಸನದ ಕಲ್ಲುಗಳೂ ಗೋಡೆ ಸೇರಿದ್ದವು. ನಮ್ಮ ಹಳ್ಳಿಗಳಲ್ಲಿ ವೀರಗಲ್ಲು ಕೊಟ್ಟಿಗೆಯ ಮೆಟ್ಟಿಲಾಗಿರುವುದನ್ನು ನೀವೂ ನೋಡಿರುತ್ತೀರಿ. 1676ರಲ್ಲಿ ಬಂದ ಇಬ್ಬರು ಪ್ರವಾಸಿಗರು, ಫ್ರಾನ್ಸಿನ ಸ್ಪಾನ್ ಮತ್ತು ಇಂಗ್ಲೆಂಡಿನ ವೀಲರ್, ಇದೇ ಹಳೇ ಡೆಲ್ಫಿ ಎಂದು ಗುರುತಿಸಿದರು. ಅಲ್ಲಿಂದ ಊರಿಗೆ ವಿದ್ವಾಂಸರ ಕಣ್ಣು ಬಿತ್ತು.

ಅಗೆಯಬೇಕಾದರೆ ಊರು ಎತ್ತಬೇಕು. 1870ರ ಭೂಕಂಪದಲ್ಲಿ ಕಾಸ್ತ್ರಿ ಬಹಳ ಜಖಂ ಆದಾಗಲೇ ಊರು ಬದಲಿಸುವ ಮಾತು ಎದ್ದಿತ್ತು. ಆದರೆ ದುಡ್ಡು ಯಾರು ಕೊಡಬೇಕು? ಅಗೆಯುವ ಹಕ್ಕಿಗಾಗಿ ಫ್ರಾನ್ಸ್ ವರ್ಷಗಟ್ಟಲೆ ಮಾತುಕತೆ ನಡೆಸಿತು. ನಡುವೆ ಅಮೆರಿಕದವರೂ ಕೈ ಚಾಚಿದರು. ಗ್ರೀಸ್‌ಗೆ ಆಗ ತನ್ನ ಒಣದ್ರಾಕ್ಷಿ ಮಾರಾಟದ ಚಿಂತೆ. ಹಾಗಾಗಿ ಫ್ರಾನ್ಸ್ ಹಾಕುವ ಒಣದ್ರಾಕ್ಷಿ ಸುಂಕವೂ ಈ ಚೌಕಾಶಿಯಲ್ಲಿ ಸೇರಿಕೊಂಡಿತು. ದೇವರ ಗುಡಿ, ಜನರ ಮನೆ, ಒಣದ್ರಾಕ್ಷಿ ಎಲ್ಲವೂ ಒಂದೇ ಮೇಜಿನ ಮೇಲೆ! ಕೊನೆಗೆ 1891ರಲ್ಲಿ ಒಪ್ಪಂದವಾಯಿತು. ಫ್ರಾನ್ಸಿನ ಸಂಸತ್ತು 5 ಲಕ್ಷ ಫ್ರಾಂಕ್ ಮಂಜೂರು ಮಾಡಿತು.

1892ರ ಅಕ್ಟೋಬರ್‌ನಲ್ಲಿ ಥಿಯೋಫಿಲ್ ಒಮೋಲ್ ಎಂಬ ವಿದ್ವಾಂಸರ ನೇತೃತ್ವದಲ್ಲಿ ಕೆಲಸ ಶುರುವಾಯಿತು. ಊರವರು ಅಡ್ಡ ನಿಂತರು. ಮನೆಯ ಪರಿಹಾರದ ಹಣ ಕೈಸೇರುವ ಮೊದಲೇ ಗುದ್ದಲಿ ಬಂದಿತ್ತು ಎಂಬುದು ಅವರ ಸಿಟ್ಟು. ಅಗೆತ ನಡೆಯಲು ಸೈನಿಕರ ಕಾವಲು ಬೇಕಾಯಿತು. ಹಣ ಸಂದ ಮೇಲೆ ಊರು ಸುಮಾರು ಒಂದು ಕಿಲೋಮೀಟರ್ ಪಶ್ಚಿಮಕ್ಕೆ ಹೋಗಿ ನೆಲೆಸಿತು. ಹಳೇ ಮನೆಗಳನ್ನು ಕೆಡವಿದರು. ಮಣ್ಣು ಸಾಗಿಸಲು ಸಣ್ಣ ಹಳಿಗಳನ್ನೇ ಹಾಕಿದರು.

ಕೆಳಗೆ ಸಿಕ್ಕಿದ್ದು ಸಾಮಾನ್ಯ ಸಂಪತ್ತಲ್ಲ. 1896ರಲ್ಲಿ ಕಂಚಿನ ಸಾರಥಿಯ ಮೂರ್ತಿ ಸಿಕ್ಕಿತು. ಆಳೆತ್ತರ, ಸುಮಾರು 1.8 ಮೀಟರ್. ಎರಡು ಸಾವಿರದ ಮುನ್ನೂರು ವರ್ಷಕ್ಕೂ ಹಳೆಯದು. ಅಂದಿನ ಕಂಚಿನ ಮೂರ್ತಿಗಳನ್ನು ಜನ ಬಹುಮಟ್ಟಿಗೆ ಕರಗಿಸಿಬಿಟ್ಟಿದ್ದಾರೆ. ಇದು ಬಂಡೆಕುಸಿತದಲ್ಲಿ ಹೂತುಹೋಗಿದ್ದರಿಂದ ಉಳಿಯಿತು. 1903ರಲ್ಲಿ ಅಲ್ಲೇ ಮ್ಯೂಸಿಯಂ ತೆರೆಯಿತು. ಹೊಸ ಜಾಗಕ್ಕೆ ಹೋದ ಊರಿಗೆ ಡೆಲ್ಫಿ ಎಂಬ ಹೆಸರೇ ಬಂತು.

ಕಾಸ್ತ್ರಿ ಒಂದೇ ಅಲ್ಲ. 1931ರಲ್ಲಿ ಅಥೆನ್ಸ್‌ನ ನಡುಮಧ್ಯೆ, ಹಳೇ ಕಾಲದ ಸಂತೆ ಮತ್ತು ಸಭೆಯ ಜಾಗವಾದ ಅಗೋರಾವನ್ನು ಅಮೆರಿಕದ ವಿದ್ವಾಂಸರು ಅಗೆಯತೊಡಗಿದರು. ಅದಕ್ಕಾಗಿ ವ್ರಿಸಾಕಿ ಎಂಬ ಕೇರಿಯ 300ಕ್ಕೂ ಹೆಚ್ಚು ಮನೆಗಳು ಹೋದವು. ಇಂದು ಆ ಕೇರಿ ಇರುವುದು ಹಳೇ ಫೋಟೊಗಳಲ್ಲಿ ಮಾತ್ರ.

ಬಸ್ಸಿನ ಕಾಲ, ಮತ್ತು ನಮ್ಮ ಬ್ರಹ್ಮಗಿರಿ

ಎರಡನೇ ಮಹಾಯುದ್ಧ ಮತ್ತು ಅದರ ಹಿಂದೆಯೇ ಬಂದ ಒಳಯುದ್ಧದಿಂದ ಗ್ರೀಸ್ ಸೊರಗಿತ್ತು. ವಿದೇಶಿ ಹಣ ಬೇಕಿತ್ತು. 1950ರ ದಶಕದಲ್ಲಿ ಸರ್ಕಾರವೇ ಪ್ರವಾಸಿ ತಾಣಗಳಲ್ಲಿ ‘ಕ್ಸೇನಿಯಾ’ ಎಂಬ ಹೋಟೆಲುಗಳನ್ನು ಕಟ್ಟಿಸಿತು. ರಸ್ತೆಗಳಾದವು, ಬಸ್ಸುಗಳು ಬಂದವು. ಗೈಡ್ ಕೆಲಸಕ್ಕೆ ತರಬೇತಿ, ಲೈಸೆನ್ಸ್ ಕಡ್ಡಾಯವಾಯಿತು. 2004ರಲ್ಲಿ ರಿಯೋ-ಆಂತಿರಿಯೋ ಸೇತುವೆ ಆದಮೇಲೆ ಒಲಿಂಪಿಯಾದಿಂದ ಡೆಲ್ಫಿಗೆ ಹೋಗುವ ಬಸ್ಸು ಹಡಗು ಹತ್ತುವ ಕೆಲಸವೂ ತಪ್ಪಿತು.

ಸಮುದ್ರದ ದಾರಿಯಲ್ಲೂ ಪ್ರವಾಸಗಳು ಶುರುವಾಗಿದ್ದವು. 1954ರಿಂದ ಇಂಗ್ಲೆಂಡಿನ ಸ್ವಾನ್ ಸಂಸ್ಥೆ ಗ್ರೀಸ್‌ನ ಅವಶೇಷಗಳನ್ನು ತೋರಿಸಲು ಹಡಗು ಪ್ರವಾಸ ನಡೆಸಿತು. ಹಡಗಿನಲ್ಲಿ ಪ್ರೊಫೆಸರುಗಳ ಉಪನ್ಯಾಸ. ಆ ಉಪನ್ಯಾಸಕರಲ್ಲಿ ಹೆಸರುವಾಸಿಯಾದವರು ಮಾರ್ಟಿಮರ್ ವೀಲರ್. ಈ ಹೆಸರು ನಮ್ಮ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದೂ ಹೌದು. ಭಾರತದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದಾಗ 1947ರಲ್ಲಿ ಅವರು ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯಲ್ಲೂ ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಅಗೆಸಿದ್ದರು. ಚಂದ್ರವಳ್ಳಿಯಲ್ಲಿ ರೋಮನ್ ನಾಣ್ಯಗಳು ಸಿಕ್ಕಿವೆ. ಬ್ರಹ್ಮಗಿರಿಯ ಅಶೋಕನ ಶಾಸನವನ್ನು ಬಿ. ಎಲ್. ರೈಸ್ ಪತ್ತೆ ಮಾಡಿದ್ದು 1892ರಲ್ಲಿ. ಕಾಸ್ತ್ರಿಗೆ ಗುದ್ದಲಿ ಬಿದ್ದ ವರ್ಷವೇ ಅದು.

ನಾವು ಕೇಳಬೇಕಾದ ಪ್ರಶ್ನೆ

ಕಾಸ್ತ್ರಿಯನ್ನು ಎತ್ತಿದ್ದು ಸರಿಯೋ ತಪ್ಪೋ? ಒಂದೇ ಮಾತಲ್ಲಿ ಹೇಳಲು ನಮಗೆ ಆಗುವುದಿಲ್ಲ. ಎತ್ತದಿದ್ದರೆ ಕಂಚಿನ ಸಾರಥಿ ಇಂದಿಗೂ ಮಣ್ಣಿನಲ್ಲೇ ಇರುತ್ತಿದ್ದ. ಹೊಸ ಡೆಲ್ಫಿಯ ಬೀದಿಯ ಎರಡೂ ಬದಿ ಇಂದು ಹೋಟೆಲು, ಅಂಗಡಿಗಳಿವೆ. ಆ ಊರು ಬದುಕುತ್ತಿರುವುದೇ ಬಸ್ಸುಗಳಿಂದ. ಅಷ್ಟು ದೂರ ಓಡಿಸದೆ ಪಕ್ಕದಲ್ಲೇ ಜಾಗ ಕೊಟ್ಟಿದ್ದರಿಂದ ಊರು ಊರಾಗಿಯೇ ಉಳಿಯಿತು. ವ್ರಿಸಾಕಿಯ ಜನರಿಗೆ ಅದು ಸಿಗಲಿಲ್ಲ. ಕೇರಿಯೇ ಚದುರಿಹೋಯಿತು.

2011ರಲ್ಲಿ ಹಂಪಿಯ ವಿರೂಪಾಕ್ಷ ಬಜಾರಿನಲ್ಲಿ ಮನೆ, ಅಂಗಡಿಗಳನ್ನು ತೆರವು ಮಾಡಿದ್ದು ನಮಗೆಲ್ಲ ನೆನಪಿದೆ. ಸ್ಮಾರಕ ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾಸ್ತ್ರಿಯವರು 1892ರಲ್ಲಿ ಕೇಳಿದ್ದು ಸ್ಮಾರಕ ಬೇಡ ಎಂದಲ್ಲ. ಮೊದಲು ಪರಿಹಾರ, ಆಮೇಲೆ ಗುದ್ದಲಿ ಎಂದು ಕೇಳಿದರು. ಅಗೆಯುವ ಇಲಾಖೆ, ಅಣೆಕಟ್ಟಿನ ಇಲಾಖೆ, ರಸ್ತೆ ಇಲಾಖೆ ಯಾವುದೇ ಬರಲಿ, ಹಳ್ಳಿಯವರ ಈ ಬೇಡಿಕೆ ಇಂದಿಗೂ ನ್ಯಾಯವಾದದ್ದೇ.

ಗೈಡ್‌ಗಳ ಕಥೆಯಿಂದಲೂ ಒಂದು ಪಾಠವಿದೆ. ಪ್ಲೂಟಾರ್ಕ್‌ನ ಕಾಲದಿಂದಲೂ ಗೈಡ್ ಹೇಳುವುದು ರಾಜರದ್ದು, ದೇವರದ್ದು, ಯುದ್ಧದ್ದು. ಬಸ್ಸು ಡೆಲ್ಫಿಯಲ್ಲಿ ನಿಲ್ಲುವುದು ಕೆಲವೇ ತಾಸು. ಅಷ್ಟರಲ್ಲಿ ಕಾಸ್ತ್ರಿಯ ಪಾಲಿಗೆ ಒಂದು ವಾಕ್ಯ ಸಿಕ್ಕರೆ ಹೆಚ್ಚು. ನೀವು ಮುಂದಿನ ಸಲ ಹಂಪಿಗೋ ಐಹೊಳೆಗೋ ಹೋದಾಗ, ಗೈಡ್ ತನ್ನ ಪಾಠ ಮುಗಿಸಿದ ಮೇಲೆ ಒಂದು ಪ್ರಶ್ನೆ ಕೇಳಿ ನೋಡಿ: ‘ಈ ಕಲ್ಲುಗಳ ನಡುವೆ ಇತ್ತೀಚಿನವರೆಗೆ ಯಾರ ಮನೆ ಇತ್ತು? ಅವರು ಈಗ ಎಲ್ಲಿದ್ದಾರೆ?’ ಉತ್ತರ ಸಿಕ್ಕರೆ ನಮಗೂ ಬರೆದು ಕಳಿಸಿ.