ಕುರಿ ಮಾರುವ ಕಾಲ: ಅಂದು–ಇಂದು

ಸಂಘದ ಇಪ್ಪತ್ತೈದು ವರ್ಷದ ಇತಿಹಾಸ ಅಂದ ಕೂಡಲೇ ಶೇರು, ಠೇವಣಿ, ಸಾಲದ ಲೆಕ್ಕ ಬಂದೇ ಬರುತ್ತದೆ. ಆದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಒಕ್ಕಲುತನದಲ್ಲಿ ಕುರಿಯ ಲೆಕ್ಕವೂ ಅಷ್ಟೇ ಹಳೆಯದು. ಅದನ್ನು ಬರೆದಿಟ್ಟವರು ಕಡಿಮೆ. ಕುರಿಯನ್ನು ಯಾವಾಗ ಮಾರಬೇಕು ಎಂಬ ಒಂದೇ ವಿಷಯ ಹಿಡಿದು ನಾವಿಲ್ಲಿ ನಾಲ್ಕು ಮಾತು ಬರೆಯುತ್ತಿದ್ದೇವೆ.

ನಮ್ಮ ಭಾಗದ ಹಳೆಯ ತಳಿ ದಖನಿ ಕುರಿ. ಕುರುಬ ಬಾಂಧವರಿಗೆ ಅದರಿಂದ ಮೂರು ದಾರಿಯ ಆದಾಯವಿತ್ತು. ಕತ್ತರಿಸಿದ ಉಣ್ಣೆ ಕಂಬಳಿಗೆ ಹೋಗುತ್ತಿತ್ತು. ಹೊಲದಾಗ ಕುರಿ ತರುಬಿದರೆ ಕಾಳುಕಡಿ ಸಿಗುತ್ತಿತ್ತು. ಟಗರು ಮಾರಿದರೆ ರೊಕ್ಕ. ಮದುವೆ, ಬಿತ್ತುವ ಬೀಜ, ಸಾಹುಕಾರನ ಬಡ್ಡಿ, ಇವು ಬಂದಾಗಲೇ ಟಗರು ಸಂತೆಗೆ ಹೋಗುತ್ತಿತ್ತು. ಅಂದರೆ ಮಾರುವ ದಿನವನ್ನು ಗೊತ್ತು ಮಾಡುತ್ತಿದ್ದುದು ಕುರಿಯ ಮೈಯಲ್ಲ, ಮನೆಯ ಅಡಚಣೆ. ಬರ ಬಿದ್ದಾಗಂತೂ ಎಲ್ಲಾರೂ ಒಮ್ಮೆಲೇ ಸಂತೆಗೆ ಹೊಡಕೊಂಡು ಹೋಗೋರು, ದರ ನೆಲಕ್ಕ ಬೀಳೋದು.

ಮುಂದೆ ನೀರು ಬಂತು. 1897ರಲ್ಲಿ ಧೂಪದಾಳದ ಒಡ್ಡು, 1977ರಲ್ಲಿ ಹಿಡಕಲ್ ಆಣೆಕಟ್ಟು ಮುಗಿದವು. ಕಬ್ಬು, ಗೋವಿನಜೋಳ ಹೆಚ್ಚಿ ಮೇವಿನ ಬೀಳು ಕಡಿಮೆಯಾಯಿತು. ಮರಿ ತಂದು ಮನೆಯಲ್ಲಿ ಕಟ್ಟಿ ಮೇಯಿಸುವವರು ಹೆಚ್ಚಾದರು. ಬಯಲಲ್ಲಿ ಮೇಯುವ ಕುರಿ ಒಂದು ತಿಂಗಳು ಹೆಚ್ಚು ನಿಂತರೆ ಖರ್ಚು ಅಷ್ಟಾಗಿ ಕಾಣುವುದಿಲ್ಲ. ಕಟ್ಟಿದ ಟಗರಿಗೆ ದಿನದಿನಕ್ಕೂ ಖರ್ಚು.

ಒಂದು ಲೆಕ್ಕ ಹಿಡಿಯೋಣ. ಟಗರು ತಿಂಗಳಿಗೆ 3 ಕಿಲೋ ಬೆಳೆಯುತ್ತದೆ, ಜೀವಂತ ತೂಕಕ್ಕೆ ಕಿಲೋಗೆ 350 ರೂಪಾಯಿ ದರ ಅಂತ ಇಟ್ಟುಕೊಳ್ಳಿ. ಬೆಲೆ 1,050 ರೂಪಾಯಿ ಏರಿತು. ಮೇವು, ಹಿಂಡಿಗೆ 700 ಹೋದರೂ 350 ಉಳಿಯಿತು. ವಯಸ್ಸಾದಂತೆ ಬೆಳವಣಿಗೆ ಕುಂದಿ ಒಂದೂವರೆ ಕಿಲೋಗೆ ಇಳಿದರೆ ಬರುವುದು 525. ತಿನ್ನುವುದು ಮಾತ್ರ ಅಷ್ಟೇ. ತಿಂಗಳಿಗೆ 175 ರೂಪಾಯಿ ಕೈಬಿಟ್ಟಂತೆ. ದರ ಏರುವ ಖಾತ್ರಿ ಇಲ್ಲದಿದ್ದರೆ ಅಲ್ಲಿಗೆ ಮಾರುವುದೇ ಲೇಸು.

ದರ ಏರುವ ಕಾಲ ಯಾವುದು? ಶ್ರಾವಣದಲ್ಲಿ ಬಹಳ ಮಂದಿ ಮಾಂಸ ಬಿಡುತ್ತಾರೆ, ಕೇಳುವವರು ಕಡಿಮೆ. ಜಾತ್ರೆ, ದಸರೆ, ಬಕ್ರೀದಕ್ಕೆ ಬೇಡಿಕೆ. ಆದರೆ ಬಕ್ರೀದ್ ಚಂದ್ರನ ಲೆಕ್ಕದ ಹಬ್ಬ, ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತದೆ. 2000ರಲ್ಲಿ ಮಾರ್ಚ್ 17ಕ್ಕೆ, 2010ರಲ್ಲಿ ನವೆಂಬರ್ 17ಕ್ಕೆ, 2020ರಲ್ಲಿ ಆಗಸ್ಟ್ 1ಕ್ಕೆ, 2025ರಲ್ಲಿ ಜೂನ್ 7ಕ್ಕೆ ಬಂತು. ಹಬ್ಬಕ್ಕೆ ವರ್ಷ ತುಂಬಿದ, ಊನವಿಲ್ಲದ ಟಗರೇ ಬೇಕೆನ್ನುವವರು ಹೆಚ್ಚು. ಆದ್ದರಿಂದ ಹಬ್ಬದಿಂದ ಹಿಂದಕ್ಕೆ ಎಣಿಸಿ ಮರಿ ಆರಿಸಬೇಕು. ಅಪ್ಪ ಮಾರಿದ ತಿಂಗಳಲ್ಲೇ ಮಗನೂ ಮಾರುತ್ತೇನೆಂದರೆ ನಡೆಯದು.

ಹಾಗಂತ ಒಂದೇ ಹಬ್ಬ ನಂಬಿ ಕೂಡುವುದೂ ತರವಲ್ಲ. 2020ರ ಮಾರ್ಚ್ 25ರಿಂದ ಲಾಕ್‌ಡೌನ್ ಆಗಿ ಸಂತೆಗಳು ನಿಂತದ್ದನ್ನು ಯಾರೂ ಮರೆತಿಲ್ಲ. ಅರ್ಧ ಹಿಂಡನ್ನು ಮೊದಲೇ ಮಾರಿ, ಉಳಿದರ್ಧವನ್ನು ಹಬ್ಬಕ್ಕೆ ಇಡುವುದು ಜಾಣತನ. ಮಾರುವ ಮುಂಚೆ ತೂಕ ಮಾಡಿಸಬೇಕು. ವ್ಯಾಪಾರಸ್ಥ ಬೆನ್ನ ಮೇಲೆ ಕೈಯಿಟ್ಟು ಹೇಳುವ ಅಂದಾಜು ಅವನ ಅನುಕೂಲದ್ದು. 30 ಕಿಲೋ ಟಗರಿನಲ್ಲಿ ಮಾಂಸ ಸುಮಾರು ಅರ್ಧದಷ್ಟು ಅಂತ ತಿಳಿದಿದ್ದರೆ, ಮಟನ್ ದರದಿಂದಲೇ ನಮ್ಮ ಟಗರಿನ ಬೆಲೆ ತೆಗೆಯಬಹುದು.

ಇಷ್ಟೆಲ್ಲ ತಿಳಿದರೂ ಕೈಯಲ್ಲಿ ರೊಕ್ಕ ಇಲ್ಲದವನಿಗೆ ಕಾಯುವ ಶಕ್ತಿ ಎಲ್ಲಿಂದ ಬರಬೇಕು? ಸಹಕಾರ ಹುಟ್ಟಿದ್ದೇ ಈ ಪ್ರಶ್ನೆಗೆ. 1904ರ ಕಾಯ್ದೆಯ ಮರುವರ್ಷವೇ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದ್ದು ರೈತ ಸಾಹುಕಾರನ ಕೈಯಿಂದ ಬಿಡುಗಡೆಯಾಗಲಿ ಅಂತಲೇ. ಶಾಲೆ ಫೀ, ಬೀಜ-ಗೊಬ್ಬರಕ್ಕೆ ಸಂಘದ ಸಾಲ ವೇಳೆಗೆ ಸಿಕ್ಕರೆ ಟಗರು ಇನ್ನೆರಡು ತಿಂಗಳು ಹಟ್ಟಿಯಲ್ಲಿ ನಿಲ್ಲುತ್ತದೆ. ಮಾರಿದ ಕೂಡಲೇ ಸಾಲ ತುಂಬಿದರೆ ಆ ರೊಕ್ಕ ಇನ್ನೊಬ್ಬ ಸದಸ್ಯನ ಟಗರನ್ನು ನಿಲ್ಲಿಸುತ್ತದೆ. ಅಡಚಣೆ ನೋಡಿ ಮಾರುವ ಕಾಲ ಹೋಗಿ, ಲೆಕ್ಕ ನೋಡಿ ಮಾರುವ ಕಾಲ ನಮ್ಮೂರಿಗೆ ಪೂರ್ತಿ ಬರಲಿ ಎಂದು ಹಾರೈಸುತ್ತೇವೆ.