ಹೆಸರು ಬಿಚ್ಚಿ ನೋಡಿದರೆ

ಓದುಗರೇ, ‘ಆಕಾಶವಾಣಿ ಕೇಂದ್ರ’ ಎಂಬುದು ತಮಗೆ ಮನೆಯ ಮಾತಿನಷ್ಟೇ ಬಳಕೆಯಾದುದು. ಇದರಲ್ಲಿ ‘ಆಕಾಶವಾಣಿ’ ನಮ್ಮ ಪುರಾಣಗಳ ಮಾತು. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನಲ್ಲಿ ತೊಡಗಿದ ಬಾನುಲಿ ನಿಲಯಕ್ಕೆ ಈ ಹೆಸರಾಯಿತು. ಮುಂದೆ ಅದೇ ದೇಶಕ್ಕೆಲ್ಲ ಸಂದಿತು. ಆದರೆ ‘ಕೇಂದ್ರ’? ನೋಡಲು ಅಚ್ಚ ಸಂಸ್ಕೃತದಂತಿರುವ ಈ ಪದ ಗ್ರೀಕರ ‘ಕೆಂತ್ರೋನ್’. ಚೂಪಾದ ಮೊನೆ ಎಂದು ಅದರ ಅರ್ಥ. ವೃತ್ತ ಬರೆಯುವಾಗ ಕೈವಾರದ ಮೊನೆ ಊರುವ ಎಡೆಗೆ ಆ ಹೆಸರು ನಿಂತಿತು. ಗ್ರೀಕ್ ಜ್ಯೋತಿಷದೊಡನೆ, ‘ಹೋರಾ’ ಎಂಬ ಮಾತಿನ ಜೊತೆಯಲ್ಲಿ, ಭಾರತಕ್ಕೆ ಬಂದು ನಮ್ಮದೇ ಆಗಿಹೋಯಿತು.

ಶಾಸ್ತ್ರದ ಹೆಸರುಗಳೆಲ್ಲ ಹೀಗೆಯೇ. ಇಟ್ಟವರು ಏನನ್ನು ಕಂಡರು, ಏನನ್ನು ನಂಬಿದರು ಎಂಬುದು ಹೆಸರಿನ ಒಳಗೇ ಅಡಗಿರುತ್ತದೆ.

ಖಾನಾಪುರದ ಭತ್ತದ ಸೀಮೆಯನ್ನೇ ನೋಡಿರಿ. ಅಲ್ಲಿಯ ರೈತನು ಮಳೆಯನ್ನು ನಕ್ಷತ್ರದಿಂದ ಎಣಿಸುತ್ತಾನೆ. ರೋಹಿಣಿ ಮುಗಿದರೆ ‘ಮಿರಗ’, ಅದರ ಹಿಂದೆ ಆರಿದ್ರಾ. ಕನ್ನಡ ಆಡುವವರಿಗೂ ಮರಾಠಿ ಆಡುವವರಿಗೂ ಇಲ್ಲಿ ಪಂಚಾಂಗ ಒಂದೇ. ಮಿರಗವೆಂದರೆ ಮೃಗಶಿರಾ, ಜಿಂಕೆಯ ತಲೆ. ಸೂರ್ಯನ ವರ್ಷದ ದಾರಿಯನ್ನು ಹಿರಿಯರು 27 ಪಾಲು ಮಾಡಿದರು. ಒಂದೊಂದು ಪಾಲಿಗೆ ಹದಿಮೂರು ಹದಿನಾಲ್ಕು ದಿನ. ಜೂನ್ 7-8ರ ಸುಮಾರಿಗೆ ಸೂರ್ಯನು ಮೃಗಶಿರೆಯನ್ನು ಹೊಗುತ್ತಾನೆ. ಆಗ ಆ ಚುಕ್ಕಿಗಳು ಅವನ ಬೆಳಕಿನಲ್ಲಿ ಮುಳುಗಿ ಕಾಣಿಸವು; ಅವನ್ನು ಚೆನ್ನಾಗಿ ನೋಡಲು ಡಿಸೆಂಬರ್, ಜನವರಿಯ ಇರುಳು ಬೇಕು. ಕಾಣದ ಚುಕ್ಕಿಯ ಹೆಸರನ್ನು ಮಳೆಗೆ ಇಟ್ಟವರು ವರ್ಷವಿಡೀ ಆಕಾಶವನ್ನು ನೋಡಿದವರೇ ಆಗಿರಬೇಕಲ್ಲವೆ?

ನಾವು ಮೃಗವನ್ನು ಕಂಡ ಎಡೆಯಲ್ಲಿ ಗ್ರೀಕರು ಒರಾಯನ್ ಎಂಬ ಬೇಟೆಗಾರನನ್ನು ಕಂಡರು. ಅವನ ಹೆಗಲ ಮೇಲಿನ ಕೆಂಪು ಚುಕ್ಕಿಯೇ ನಮ್ಮ ಆರ್ದ್ರಾ. ಆರ್ದ್ರವೆಂದರೆ ಒದ್ದೆ, ಮಳೆಗೆ ಒಪ್ಪುವ ಹೆಸರು. ಇಂಗ್ಲಿಷ್ ಪುಸ್ತಕಗಳಲ್ಲಿ ಇದು ‘ಬೀಟಲ್‌ಜೂಸ್’. ಅರಬರು ಇದನ್ನು ‘ಯದ್ ಅಲ್ ಜೌಝಾ’, ಅಂದರೆ ಜೌಝಾಳ ಕೈ, ಎಂದಿದ್ದರು. ಅರಬೀ ಲಿಪಿಯಲ್ಲಿ ಯಕಾರದ ಕೆಳಗೆ ಎರಡು ಚುಕ್ಕೆ, ಬಕಾರದ ಕೆಳಗೆ ಒಂದೇ. ಲ್ಯಾಟಿನ್‌ಗೆ ಇಳಿಸುವಾಗ ಯಕಾರವನ್ನು ಬಕಾರವೆಂದು ಓದಿದರು. ಆ ತಪ್ಪೇ ಇಂದಿಗೂ ಚುಕ್ಕಿಯ ಹೆಸರು.

ಇಂಥದೇ ಇನ್ನೊಂದು ಕಥೆಗೆ ನಮ್ಮ ನೆರೆಯ ಜಮಖಂಡಿ ಸಾಕ್ಷಿಯಾಗಿದೆ. 1868ರ ಆಗಸ್ಟ್ 18ರಂದು ಖಗ್ರಾಸ ಸೂರ್ಯಗ್ರಹಣ. ಆಗ ಪಟವರ್ಧನರ ಸಂಸ್ಥಾನವಾಗಿದ್ದ ಜಮಖಂಡಿಯಲ್ಲಿ ಜಾನ್ ಹರ್ಷೆಲ್ ಎಂಬ ಸೇನಾ ಇಂಜಿನಿಯರರು ದೂರದರ್ಶಕ ಹೂಡಿ ನಿಂತಿದ್ದರು. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲರ ಮೊಮ್ಮಗ ಇವರು. ಸೂರ್ಯನ ಅಂಚಿನ ಜ್ವಾಲೆಯ ಬೆಳಕನ್ನು ಬಿಡಿಸಿ ನೋಡಿದಾಗ ಹೊಳೆಯುವ ಗೆರೆಗಳು ಕಂಡವು. ಅವುಗಳಲ್ಲಿ ಒಂದು ಕಿತ್ತಳೆ ಬಣ್ಣದ್ದು. ಅದು ಸೋಡಿಯಂನದೆಂದು ಅವರು ಬಗೆದರು. ಅಲ್ಲವೆಂದು ಇಂಗ್ಲೆಂಡಿನ ಲಾಕಿಯರ್ ಬಳಿಕ ತೋರಿಸಿದರು. ಭೂಮಿಯ ಮೇಲೆ ಯಾರೂ ಕಾಣದ ಆ ವಸ್ತುವಿಗೆ ಸೂರ್ಯನ ಗ್ರೀಕ್ ಹೆಸರಾದ ‘ಹೇಲಿಯೋಸ್’ನಿಂದ ಹೀಲಿಯಂ ಎಂದು ಹೆಸರಾಯಿತು. ಕೊನೆಯ ‘ಇಯಂ’ ಸೋಡಿಯಂ, ಪೊಟ್ಯಾಸಿಯಂಗಳಂತೆ ಲೋಹದ ಗುರುತು. 1895ರಲ್ಲಿ ರಾಮ್ಸೆಯವರು ಅದನ್ನು ಭೂಮಿಯ ಖನಿಜದಲ್ಲೇ ಹಿಡಿದಾಗ ತಿಳಿಯಿತು: ಅದು ಲೋಹವಲ್ಲ, ಅನಿಲ! ಹೆಸರು ಮಾತ್ರ ಹಾಗೆಯೇ ಉಳಿಯಿತು.

ನಮ್ಮ ಪಾಠದ ಪುಸ್ತಕಗಳಲ್ಲೂ ಇಂಥದುಂಟು. ‘ಜಲಜನಕ’ ನಿಜವಾದ ಹೆಸರು. ಅದು ಉರಿದರೆ ನೀರಾಗುತ್ತದೆ. ‘ಆಮ್ಲಜನಕ’ ಹಾಗಲ್ಲ. ಆಮ್ಲಗಳೆಲ್ಲ ಇದರಿಂದಲೇ ಹುಟ್ಟುತ್ತವೆಂದು ಫ್ರಾನ್ಸಿನ ಲಾವ್ವಾಸಿಯೇ ನಂಬಿ ‘ಆಕ್ಸಿಜನ್’ ಎಂದರು. ಆ ನಂಬಿಕೆ ಬಿದ್ದುಹೋಯಿತು. ಅದರ ಕನ್ನಡ ಅನುವಾದ ನಿಂತಿದೆ. ಬೆಳಗಾವಿಯಲ್ಲಿ ಕನ್ನಡಿಗರೂ ಮರಾಠಿಗರೂ ಆಡುವ ‘ಪ್ರಾಣವಾಯು’ ಅದಕ್ಕಿಂತ ಸತ್ಯಕ್ಕೆ ಹತ್ತಿರ.

ಹಾಗೆಂದು ಹೆಸರುಗಳನ್ನು ಕಿತ್ತುಹಾಕಬೇಕಾಗಿಲ್ಲ. ಮಕ್ಕಳಿಗೆ ಅವನ್ನು ಬಿಚ್ಚಿ ತೋರಿಸಿದರೆ ಸಾಕು. ಮನೆಯಲ್ಲಿ ‘ಮಿರಗ’ ಎನ್ನುವ ಖಾನಾಪುರದ ಹುಡುಗ ಶಾಲೆಯಲ್ಲಿ ಒರಾಯನ್ ಎಂಬುದನ್ನು ಪರರ ಆಸ್ತಿಯೆಂದು ಬಾಯಿಪಾಠ ಮಾಡಿದರೆ, ವಿಜ್ಞಾನ ತನ್ನದಲ್ಲವೆಂದೇ ತಿಳಿದಾನು. ಎರಡೂ ಒಂದೇ ಎಂದು ಹೇಳುವುದು ಗುರುಗಳ ಕೆಲಸ, ಮನೆಯ ಹಿರಿಯರ ಕೆಲಸವೂ ಹೌದು. ಬರುವ ಚಳಿಗಾಲದಲ್ಲಿ ಊಟ ಮುಗಿಸಿ ಮಕ್ಕಳನ್ನು ಮಾಳಿಗೆಗೆ ಕರೆದೊಯ್ದು ಪೂರ್ವಕ್ಕೆ ಕೈ ತೋರಿಸಿರಿ. ಮಳೆಯ ಚುಕ್ಕಿ ಅಲ್ಲಿರುತ್ತದೆ.